ಜೇಬಿನಲ್ಲೊಂದು ಆಸ್ಪತ್ರೆ: ಯುದ್ಧಕಾಲದ ಗಾಯಪಟ್ಟಿಯ ಪ್ರತಿಕೃತಿಗಳನ್ನು ನೋಡುವ ಬಗೆ

ಮುಂಬೈ ಪಕ್ಕದ ಶಹಾಡ್ ಸ್ಟೇಷನ್ನಿನಿಂದ ಉಲ್ಹಾಸನಗರದ ಕಡೆ ಹೊರಟು ಯಾರನ್ನಾದರೂ ವಿಳಾಸ ಕೇಳಿ ನೋಡಿ. ‘ಕ್ಯಾಂಪ್ ಎಷ್ಟು? ಬ್ಯಾರಕ್ ಎಷ್ಟು?’ ಎಂಬ ಮರುಪ್ರಶ್ನೆ ಬರುತ್ತದೆ. ಊರು ಇಂದಿಗೂ ಒಂದರಿಂದ ಐದರವರೆಗಿನ ಕ್ಯಾಂಪುಗಳ ಲೆಕ್ಕದಲ್ಲೇ ನಡೆಯುತ್ತದೆ. ಎರಡನೇ ಮಹಾಯುದ್ಧದ ವರ್ಷಗಳಲ್ಲಿ ಇದು ಕಲ್ಯಾಣದ ಮಿಲಿಟರಿ ಟ್ರಾನ್ಸಿಟ್ ಕ್ಯಾಂಪ್ ಆಗಿತ್ತು. ಸಾವಿರಾರು ಸೈನಿಕರು ಇಲ್ಲಿ ತಂಗಿ ಮುಂದಿನ ರಣರಂಗಗಳಿಗೆ ಹೋದರು. 1947ರ ದೇಶ ವಿಭಜನೆಯ ನಂತರ ಅವೇ ಬ್ಯಾರಕ್ಕುಗಳು ಸಿಂಧ್ ಪ್ರಾಂತ್ಯದಿಂದ ಬಂದ ನಿರಾಶ್ರಿತರ ಮನೆಗಳಾದವು. 1949ರ ಆಗಸ್ಟ್ 8ರಂದು ಊರಿಗೆ ಉಲ್ಹಾಸನಗರ ಎಂಬ ಹೆಸರು ಬಂತು. ಹೆಸರು ಬದಲಾದರೂ ಕ್ಯಾಂಪಿನ ಲೆಕ್ಕ ಜನರ ಬಾಯಲ್ಲಿ ಉಳಿದುಕೊಂಡಿದೆ.

ಆ ಬ್ಯಾರಕ್ಕುಗಳಲ್ಲಿ ಮಲಗೆದ್ದು ಹೋದ ಸೈನಿಕರ ಜೇಬಿನಲ್ಲಿ ಇರಲೇಬೇಕಾಗಿದ್ದ ಒಂದು ಸಣ್ಣ ಪೊಟ್ಟಣದ ಬಗ್ಗೆ ಈ ಬರಹ. ಫಸ್ಟ್ ಫೀಲ್ಡ್ ಡ್ರೆಸಿಂಗ್ ಎಂದು ಅದರ ಹೆಸರು. ಗಾಯವಾದ ಕೂಡಲೇ, ಡಾಕ್ಟರು ಸಿಗುವ ಮೊದಲೇ, ರಣರಂಗದಲ್ಲೇ ಕಟ್ಟುವ ಪಟ್ಟಿ. ಇಂಥ ಪೊಟ್ಟಣಗಳನ್ನೂ ಅವುಗಳ ದೊಡ್ಡಣ್ಣಂದಿರಾದ ಚೀಲ, ಡಬ್ಬಿ, ಪೆಟ್ಟಿಗೆಗಳನ್ನೂ ಇಂದು ಅಚ್ಚುಕಟ್ಟಾಗಿ ಮತ್ತೆ ತಯಾರಿಸುವ ಕುಶಲಿಗಳಿದ್ದಾರೆ. ಯುರೋಪ್, ಅಮೆರಿಕಗಳಲ್ಲಿ ಹಳೆಯ ಯುದ್ಧಗಳನ್ನು ಮೈದಾನದಲ್ಲಿ ಮರುನಟಿಸುವ ಹವ್ಯಾಸಿಗಳಿಗೆ, ಸಿನಿಮಾದ ಪ್ರಾಪರ್ಟಿ ವಿಭಾಗಗಳಿಗೆ, ಮಕ್ಕಳ ಕೈಗೆ ಅಸಲು ವಸ್ತು ಕೊಡಲಾಗದ ಮ್ಯೂಸಿಯಮ್ಮುಗಳಿಗೆ ಇವು ಬೇಕು. ಮುಂಬೈಯಂಥ ಸಿನಿಮಾ ನಗರದ ಪಕ್ಕದಲ್ಲಿರುವ ನಮಗೂ ಇವು ಆಗಾಗ ಕಣ್ಣಿಗೆ ಬೀಳುತ್ತವೆ, ತೆರೆಯ ಮೇಲಾದರೂ. ನೋಡುವ ಕಣ್ಣು ಬಂದರೆ ಇದು ಬಹಳ ಸೂಕ್ಷ್ಮವಾದ ಕಲೆ.

ಮೊದಲೇ ಒಂದು ಮಾತು. ಈ ಕಲೆಯಲ್ಲಿ ಶ್ರೇಷ್ಠವಾದ ಪ್ರತಿಕೃತಿ ಹಳೆಯದರಂತೆ ಕಾಣಬಾರದು. ಚಹಾ ನೀರಿನಲ್ಲಿ ಅದ್ದಿ ಕಂದು ಮಾಡಿದ ಬಟ್ಟೆ, ಅಲ್ಲಲ್ಲಿ ಒಣಗಿದ ರಕ್ತದ ಬಣ್ಣ, ಬೇಕೆಂದೇ ತುಕ್ಕು ಹಿಡಿಸಿದ ಪಿನ್ನು ಇವನ್ನೆಲ್ಲ ಕಂಡು ಹೊಸಬರು ‘ಎಷ್ಟು ಸಹಜವಾಗಿದೆ!’ ಎಂದು ಮೆಚ್ಚುತ್ತಾರೆ. ನನಗೆ ಅದು ಕೆಲಸ ಬಾರದವರ ಉಪಾಯವಾಗಿ ಕಾಣುತ್ತದೆ. 1942ರಲ್ಲಿ ಸೈನಿಕನ ಕೈಗೆ ಬಂದ ಪೊಟ್ಟಣ ಹೊಸದಾಗಿತ್ತು, ಬಿಗಿಯಾಗಿತ್ತು, ಗರಿಗರಿಯಾಗಿತ್ತು. ಎಂಬತ್ತು ವರ್ಷದ ಧೂಳು ಅದರ ಮೇಲೆ ಕೂತದ್ದು ಆಮೇಲೆ. ಕೊಟ್ಟ ದಿನ ಅದು ಹೇಗಿತ್ತೋ ಹಾಗೆ ಮಾಡಿ ತೋರಿಸುವುದು ಕಷ್ಟದ ಕೆಲಸ, ಏಕೆಂದರೆ ಕಲೆ, ಕೊಳೆಗಳ ಹಿಂದೆ ತಪ್ಪುಗಳನ್ನು ಅಡಗಿಸುವ ಅವಕಾಶ ಅಲ್ಲಿಲ್ಲ. ಮುಂದಿನದನ್ನೆಲ್ಲ ಈ ಒಂದು ನಿಲುವಿನಿಂದ ನೋಡುತ್ತಾ ಹೋಗೋಣ.

ಅಸಲಿನ ಪರಿಚಯ

ಸೈನಿಕನೇ ತನ್ನ ಗಾಯಕ್ಕೆ ಪಟ್ಟಿಯನ್ನು ಹೊತ್ತು ತಿರುಗಬೇಕೆಂಬ ಆಲೋಚನೆಗೆ ದೊಡ್ಡ ಒತ್ತಾಸೆ ಕೊಟ್ಟವನು ಜರ್ಮನಿಯ ಶಸ್ತ್ರವೈದ್ಯ ಫ್ರೀಡ್ರಿಶ್ ಫಾನ್ ಎಸ್ಮಾರ್ಕ್. ಆತನ ತ್ರಿಕೋನದ ಬಟ್ಟೆಯ ಮೇಲೆಯೇ ಅದನ್ನು ಕಟ್ಟುವ ಬಗೆಗಳ ಚಿತ್ರಗಳು ಅಚ್ಚಾಗಿರುತ್ತಿದ್ದವು. ಓದು ಬಾರದವನೂ ಚಿತ್ರ ನೋಡಿ ಕಟ್ಟಬಹುದು. 1870ರ ಫ್ರಾನ್ಸ್–ಪ್ರಷ್ಯಾ ಯುದ್ಧದ ಹೊತ್ತಿನ ಮಾತಿದು. ಮುಂದೆ ಒಂದೊಂದು ಸೈನ್ಯವೂ ತನ್ನದೇ ಪೊಟ್ಟಣ ಮಾಡಿಕೊಂಡಿತು. ನಮ್ಮ ಸೈನಿಕರಿಗೆ ಸಂಬಂಧಿಸಿದ್ದು ಬ್ರಿಟಿಷ್ ಮಾದರಿ.

ಎರಡನೇ ಮಹಾಯುದ್ಧದ ಬ್ರಿಟಿಷ್ ಪೊಟ್ಟಣ ಅಂಗೈಯಲ್ಲಿ ಅಡಗುವಷ್ಟು ಸಣ್ಣದು. ಹೊರಗೆ ಖಾಕಿ ಬಟ್ಟೆಯ ಹೊದಿಕೆ, ಅದರ ಮೇಲೆ ಕಪ್ಪು ಅಕ್ಷರದಲ್ಲಿ ಒಳಗೇನಿದೆ, ಹೇಗೆ ಬಳಸಬೇಕು ಎಂಬ ಸೂಚನೆ. ಒಳಗೆ ನೀರು ತಾಗದಂತೆ ಬೇರೆ ಬೇರೆಯಾಗಿ ಸುತ್ತಿದ ಎರಡು ಪಟ್ಟಿಗಳು. ಒಂದೊಂದರಲ್ಲೂ ಗಾಜ್ ಬಟ್ಟೆಯ ಮೆತ್ತೆ ಉದ್ದನೆಯ ಬ್ಯಾಂಡೇಜಿಗೆ ಹೊಲಿದುಕೊಂಡಿರುತ್ತದೆ, ಜತೆಗೊಂದು ಸೇಫ್ಟಿ ಪಿನ್ನು. ಎರಡೇಕೆ? ಗುಂಡು ಒಂದು ಕಡೆಯಿಂದ ಹೊಕ್ಕು ಇನ್ನೊಂದು ಕಡೆಯಿಂದ ಹೊರಬಿದ್ದರೆ ಗಾಯ ಎರಡಾಗುತ್ತದೆ.

ಅದನ್ನು ಇಡುವ ಜಾಗವೂ ನಿಗದಿಯಾಗಿತ್ತು. ಬ್ಯಾಟಲ್‌ಡ್ರೆಸ್ ಎಂಬ ಆ ಕಾಲದ ಉಣ್ಣೆಯ ಸಮವಸ್ತ್ರದ ಪ್ಯಾಂಟಿನ ಮುಂಭಾಗದಲ್ಲಿ, ಬಲ ಸೊಂಟದ ಕೆಳಗೆ, ಈ ಪೊಟ್ಟಣಕ್ಕೆಂದೇ ಹೊಲಿದ ಜೇಬಿತ್ತು. ಮೊದಲ ಮಹಾಯುದ್ಧದ ಕೋಟಿನಲ್ಲಿ ಅದು ಬಲಗಡೆಯ ಕೆಳ ಅಂಚಿನ ಒಳಗಿತ್ತು. ಗಾಯಗೊಂಡವನಿಗೆ ಅವನದೇ ಪೊಟ್ಟಣದಿಂದ ಪಟ್ಟಿ ಕಟ್ಟಬೇಕು, ಕಟ್ಟುವವನು ತನ್ನದನ್ನು ಖರ್ಚು ಮಾಡಬಾರದು ಎಂಬುದು ಸೈನ್ಯದ ಕಟ್ಟಳೆ. ಎಲ್ಲರಿಗೂ ಜೇಬು ಒಂದೇ ಕಡೆ ಇದ್ದರೆ ಕತ್ತಲಲ್ಲೂ ಗೆಳೆಯನ ಕೈ ನೇರ ಅಲ್ಲಿಗೇ ಹೋಗುತ್ತದೆ. ಸಿನಿಮಾದಲ್ಲಿ ಸಿಪಾಯಿ ಎದೆಯ ಜೇಬಿನಿಂದಲೋ ಬೆನ್ನಚೀಲದ ತಳದಿಂದಲೋ ಪಟ್ಟಿ ಹುಡುಕಿ ತೆಗೆಯುವುದನ್ನು ಕಂಡರೆ, ಪೊಟ್ಟಣ ಎಷ್ಟೇ ಚೆನ್ನಾಗಿದ್ದರೂ ಅಲ್ಲಿ ಅರ್ಧ ಅಂಕ ಹೋಯಿತೆಂದು ತಿಳಿಯಿರಿ.

ಈಗ ಮಡಿಕೆಯ ವಿಷಯ. ಪ್ರತಿಕೃತಿಯ ಜೀವ ಇರುವುದು ಇಲ್ಲಿಯೇ. ಒಳ ಹೊದಿಕೆಯಲ್ಲಿ ಒಂದು ಮೂಲೆಗೆ ಅಂಟು ಹಾಕದೆ ಬಿಟ್ಟಿರುತ್ತಾರೆ, ಹರಿಯಬೇಕಾದದ್ದು ಅಲ್ಲಿ. ಒಳ್ಳೆಯ ಪ್ರತಿಕೃತಿಯಲ್ಲಿ ಆ ಮೂಲೆಯನ್ನು ಹೆಬ್ಬೆರಳು, ತೋರುಬೆರಳಿನಲ್ಲಿ ಹಿಡಿದು ಎಳೆದರೆ ಮೊದಲು ಸ್ವಲ್ಪ ಬಿಗಿಯುತ್ತದೆ, ಆಮೇಲೆ ಒಂದೇ ಎಳೆತಕ್ಕೆ ಪರ್‍ರೆಂದು ಬಿಚ್ಚಿಕೊಳ್ಳುತ್ತದೆ. ಒಳಗಿನ ಬ್ಯಾಂಡೇಜಿನ ಎರಡೂ ತುದಿಗಳನ್ನು ಮೆತ್ತೆಯ ಎರಡು ಪಕ್ಕಗಳಲ್ಲಿ ಬೇರೆ ಬೇರೆಯಾಗಿ ಮಡಿಸಿಟ್ಟಿರುತ್ತಾರೆ. ಒಂದೊಂದು ಕೈಯಲ್ಲಿ ಒಂದೊಂದು ಮಡಿಕೆ ಹಿಡಿದು ಕೈ ಅಗಲಿಸಿದರೆ ಬ್ಯಾಂಡೇಜು ಬಿಗಿಯಾಗಿ ನಿಂತು ನಡುವೆ ಮೆತ್ತೆ ತನ್ನಷ್ಟಕ್ಕೆ ಬಿಚ್ಚಿಕೊಳ್ಳುತ್ತದೆ. ಗಾಯಕ್ಕೆ ತಾಗುವ ಬದಿಯನ್ನು ಬೆರಳು ಮುಟ್ಟುವುದೇ ಇಲ್ಲ. ಮುಟ್ಟಬಾರದೆಂದು ಹೊದಿಕೆಯ ಮೇಲೆ ಸ್ಪಷ್ಟವಾಗಿ ಅಚ್ಚಾಗಿದೆ. ಕೆಸರಿನ ಕೈ, ನಡುಗುವ ಕೈ, ಕತ್ತಲು ಇವೆಲ್ಲವನ್ನೂ ಲೆಕ್ಕಕ್ಕೆ ಹಿಡಿದು ಯಾರೋ ಕೂತು ಯೋಚಿಸಿ ಇಟ್ಟ ಮಡಿಕೆ ಅದು. ಮಾರುಕಟ್ಟೆಗೆ ಬರುವ ಹೆಚ್ಚಿನ ಅಗ್ಗದ ಪ್ರತಿಕೃತಿಗಳಲ್ಲಿ ಹೊರಗಿನ ಅಕ್ಷರ ಚೆನ್ನಾಗಿರುತ್ತದೆ, ಒಳಗೆ ಮೆಡಿಕಲ್ ಶಾಪಿನ ಸುರುಳಿ ಬ್ಯಾಂಡೇಜು ತುರುಕಿರುತ್ತದೆ. ಬಿಚ್ಚಿ ತೋರಿಸಲು ಒಪ್ಪದ ಪ್ರತಿಕೃತಿಯನ್ನು ನಾನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ಹೊದಿಕೆಯ ಸೂಚನೆಗಳಲ್ಲಿ ಇನ್ನೊಂದು ಸಾಲಿದೆ. ತಲೆಗೆ ಗಾಯವಾಗಿ, ವಿಷಾನಿಲದ ಮುಖವಾಡವನ್ನೂ ಧರಿಸಬೇಕಾಗಿ ಬಂದರೆ, ಮುಖವಾಡ ಸರಿಯಾಗಿ ಕೂರಲು ಅಡ್ಡಿಯಾಗದಂತೆ ಮೆತ್ತೆಯನ್ನು ಹೊಂದಿಸಬೇಕು ಎಂಬುದು ಅದರ ತಾತ್ಪರ್ಯ. ಮೊದಲ ಯುದ್ಧದ ವಿಷಾನಿಲದ ಭಯ ಎರಡನೇ ಯುದ್ಧದ ಜೇಬಿನೊಳಗೂ ಕೂತಿತ್ತು. ಪ್ರತಿಕೃತಿ ಮಾಡುವವರು ಜಾಗ ಸಾಲದೆಂದು ಮೊದಲು ಬಿಡುವುದು ಈ ಸಾಲನ್ನೇ. ಅದು ಇದೆಯೇ ಎಂದು ನೋಡಿ.

ಬಟ್ಟೆ, ದಾರ, ಶಾಯಿ

ನಮ್ಮ ಭಾಗದಲ್ಲಿ ಈ ಕಲೆಗೆ ಬೇಕಾದ ಸಾಮಗ್ರಿಗೆ ಬರವಿಲ್ಲ. ಉಲ್ಹಾಸನಗರದ ಗಜಾನನ ಮಾರ್ಕೆಟ್ಟು, ಜಪಾನಿ ಬಜಾರುಗಳಲ್ಲಿ ಬಟ್ಟೆ. ಐದನೇ ಕ್ಯಾಂಪಿನ ಕಡೆ ಜೀನ್ಸ್ ಹೊಲಿದು ಪಳಗಿದ ಟೈಲರುಗಳು, ದಪ್ಪ ಬಟ್ಟೆಗೆ ಹೆದರದ ಮಷಿನ್ನುಗಳು. ಕಲ್ಯಾಣದ ಹಳೆಯ ಪೇಟೆಯಲ್ಲಿ ಹಿತ್ತಾಳೆಯ ಸಣ್ಣಪುಟ್ಟ ಸಾಮಾನು. ಸಾಮಗ್ರಿ ಕೈಗೆ ಸಿಗುವ ಊರಿನಲ್ಲಿ ಕಣ್ಣೂ ಬೇಗ ಪಳಗುತ್ತದೆ.

ಮೊದಲು ಬಟ್ಟೆಯನ್ನೇ ಪರೀಕ್ಷಿಸಿ. ಅಸಲು ಪೊಟ್ಟಣದ ಹೊದಿಕೆ, ಗಾಜ್, ಬ್ಯಾಂಡೇಜ್ ಎಲ್ಲವೂ ಹತ್ತಿ. ಒಂದು ಎಳೆಗೆ ಕಡ್ಡಿ ಗೀರಿ ಹಿಡಿದರೆ ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ, ಹತ್ತಿ ಕಾಗದದಂತೆ ಉರಿದು ಬೂದಿಯಾಗುತ್ತದೆ. ಈ ಪರೀಕ್ಷೆ ಎಲ್ಲರಿಗೂ ಗೊತ್ತು. ಅದು ಎಲ್ಲಿ ಕೈಕೊಡುತ್ತದೆಂದು ಶಹಾಡಿನವರಿಗೆ ಹೇಳಿಕೊಡಬೇಕಾಗಿಲ್ಲ. ಇಲ್ಲಿ ಸೆಂಚುರಿ ರೇಯಾನ್ ಕಾರ್ಖಾನೆ 1950ರ ದಶಕದಿಂದ ನಡೆಯುತ್ತಿದೆ, ಪಕ್ಕದ ಮೋಹನೆಯಲ್ಲಿ ಎನ್‌ಆರ್‌ಸಿ ಎಂಬ ಇನ್ನೊಂದು ರೇಯಾನ್ ಕಾರ್ಖಾನೆ ದಶಕಗಳ ಕಾಲ ನಡೆದು ಮುಚ್ಚಿತು. ರೇಯಾನ್ ಕೂಡ ಮರದ ತಿರುಳಿನಿಂದ, ಅಂದರೆ ಸೆಲ್ಯುಲೋಸಿನಿಂದ, ಆದದ್ದು. ಹಾಗಾಗಿ ಅದೂ ಹತ್ತಿಯಂತೆಯೇ ಉರಿಯುತ್ತದೆ. ಬೆಂಕಿಯಿಂದ ವ್ಯತ್ಯಾಸ ತಿಳಿಯುವುದಿಲ್ಲ, ನೀರಿನಿಂದ ತಿಳಿಯುತ್ತದೆ. ಎಳೆಯನ್ನು ಒದ್ದೆ ಮಾಡಿ ಎಳೆದು ನೋಡಿ. ಹತ್ತಿಯ ನೂಲು ಒದ್ದೆಯಾದಾಗ ಗಟ್ಟಿಯಾಗುತ್ತದೆ, ರೇಯಾನ್ ದುರ್ಬಲವಾಗಿ ಸುಲಭವಾಗಿ ಹರಿಯುತ್ತದೆ. ರಕ್ತದಲ್ಲಿ ನೆನೆಯಲೆಂದೇ ಇರುವ ಪಟ್ಟಿಗೆ ಈ ಗುಣ ಎಷ್ಟು ಮುಖ್ಯವೆಂದು ಬೇರೆ ಹೇಳಬೇಕೆ?

ಎರಡನೆಯ ಪರೀಕ್ಷೆಗೆ ನೋಟು ನೋಡಲು ಅಂಗಡಿಯವರು ಇಟ್ಟುಕೊಳ್ಳುವ ನೇರಳಾತೀತ ದೀಪ ಸಾಕು. ಇಂದಿನ ಬಿಳಿ ಬಟ್ಟೆ, ಬಿಳಿ ದಾರಗಳಿಗೆ ಹೊಳಪು ಕೊಡುವ ರಾಸಾಯನಿಕ ಸೇರಿಸಿರುತ್ತಾರೆ, ಆ ದೀಪದ ಕೆಳಗೆ ಅವು ನೀಲಿಯಾಗಿ ಬೆಳಗುತ್ತವೆ. ಯುದ್ಧಕಾಲದ ಗಾಜ್ ಬಟ್ಟೆ ಹಾಗೆ ಬೆಳಗುವುದಿಲ್ಲ. ಹಳೆಯ ಬಟ್ಟೆಯನ್ನು ಯಾರಾದರೂ ಇಂದಿನ ಡಿಟರ್ಜೆಂಟಿನಲ್ಲಿ ಒಗೆದಿದ್ದರೆ ಅದೂ ಹೊಳೆಯಬಹುದು, ಆದ್ದರಿಂದ ಅಸಲು ವಸ್ತುವನ್ನು ಈ ಒಂದೇ ಪರೀಕ್ಷೆಯಿಂದ ತಳ್ಳಿಹಾಕಬೇಡಿ. ಹೊಸ ಪ್ರತಿಕೃತಿಯ ವಿಷಯದಲ್ಲಿ ಮಾತ್ರ ತೀರ್ಪು ನೇರ: ಹೊಳೆದರೆ ಕುಶಲಿ ಬಟ್ಟೆಯನ್ನು ಹುಡುಕುವ ಶ್ರಮ ತೆಗೆದುಕೊಂಡಿಲ್ಲ. ಆ ಶ್ರಮವಾದರೂ ಎಂಥದ್ದು? ತಮಿಳುನಾಡಿನ ರಾಜಪಾಳಯದ ಹತ್ತಿರದ ಛತ್ರಪಟ್ಟಿಯಲ್ಲಿ ಬ್ಯಾಂಡೇಜ್ ಬಟ್ಟೆ ನೇಯುವುದು ಇಂದಿಗೂ ಊರಿನ ಕಸುಬು. ಹೊಳಪು ಸೇರದ ಹತ್ತಿ ಬಟ್ಟೆ ಬೇಕೆಂದವರಿಗೆ ದೇಶದಲ್ಲೇ ದಾರಿಯಿದೆ.

ಅಕ್ಷರಗಳಿಗೆ ಬನ್ನಿ. ಬಟ್ಟೆಯ ಮೇಲೆ ಶಾಯಿಯಿಂದ ಅಚ್ಚು ಹಾಕಿದಾಗ ಶಾಯಿ ನೂಲಿನೊಳಗೆ ಇಳಿಯುತ್ತದೆ, ಎಳೆ ಎದ್ದಲ್ಲಿ ದಟ್ಟ, ತಗ್ಗಿದಲ್ಲಿ ತೆಳು. ಅಕ್ಷರದ ಅಂಚು ಭೂತಗನ್ನಡಿಯ ಕೆಳಗೆ ಸ್ವಲ್ಪ ಒರಟಾಗಿ ಕಾಣಬೇಕು. ಇಂದಿನ ಶಾಖದ ವರ್ಗಾವಣೆಯ ಅಚ್ಚಿನಲ್ಲಿ ಅಕ್ಷರ ಬಟ್ಟೆಯ ಮೇಲೆ ತೆಳು ಪದರವಾಗಿ ಕೂತಿರುತ್ತದೆ, ಉಗುರಿನಿಂದ ಗೀರಿದರೆ ಗೊತ್ತಾಗುತ್ತದೆ. ಕಂಪ್ಯೂಟರಿನಲ್ಲಿ ಸಿದ್ಧವಿರುವ ಲಿಪಿಯನ್ನು ಹಾಗೇ ಬಳಸಿದವರದೂ ಬೇಗ ತಿಳಿಯುತ್ತದೆ: ಅಕ್ಷರಗಳ ನಡುವಿನ ಅಂತರ ಅತಿ ಸಮನಾಗಿರುತ್ತದೆ. ಶ್ರದ್ಧೆಯುಳ್ಳವರು ಅಸಲಿನ ಫೋಟೊ ಇಟ್ಟುಕೊಂಡು ಒಂದೊಂದು ಅಕ್ಷರವನ್ನೂ ಬರೆದು ಅಚ್ಚು ಮಾಡಿಸುತ್ತಾರೆ.

ಭಾರತದಲ್ಲೇ ತಯಾರಾದ ಯುದ್ಧಕಾಲದ ಸರಕಿಗೆ, ಸರ್ಕಾರಿ ಸೊತ್ತೆಂದು ತೋರಿಸುವ ಬಾಣದ ಗುರುತಿನ ಜತೆ ಇಂಗ್ಲಿಷಿನ ‘ಐ’ ಅಕ್ಷರದ ಮುದ್ರೆ ಬೀಳುತ್ತಿತ್ತು. ಇಲ್ಲಿ ನೇಯ್ದ ಬೆಲ್ಟು, ಚೀಲಗಳ ನೇಯ್ಗೆ ಬ್ರಿಟನ್ನಿನದಕ್ಕಿಂತ ಸಡಿಲ, ಖಾಕಿಯ ಬಣ್ಣವೂ ಒಂದೊಂದು ತಂಡಕ್ಕೆ ಒಂದೊಂದು ಛಾಯೆ. ಯುದ್ಧದ ಅವಸರದಲ್ಲಿ ಕೈಗೆ ಸಿಕ್ಕ ನೂಲಿನಿಂದ ಲಕ್ಷಗಟ್ಟಲೆ ಮಾಡಿದ ಸರಕಿನ ಸ್ವಭಾವ ಅದು. ಭಾರತೀಯ ಸೈನಿಕನ ಚೀಲವೆಂದು ಮಾರುವ ಪ್ರತಿಕೃತಿ ಯಂತ್ರದಲ್ಲಿ ಎರಕ ಹೊಯ್ದಷ್ಟು ನಯವಾಗಿದ್ದರೆ ಅದು ಇಂಗ್ಲೆಂಡಿನ ಚೀಲಕ್ಕೆ ಇಲ್ಲಿನ ಮುದ್ರೆ ಒತ್ತಿದ್ದು. ಆ ಒರಟುತನವನ್ನು ಹದವರಿತು ತರುವವರನ್ನು ನಾನು ಈ ಕಲೆಯ ದೊಡ್ಡವರೆಂದು ಎಣಿಸುತ್ತೇನೆ.

ಔಷಧ ಹೇಳುವ ಇಸವಿ

ಒಂದು ಕಿಟ್ ಯಾವ ವರ್ಷದ್ದೆಂದು ತಿಳಿಯಲು ಒಳಗಿನ ಔಷಧಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ. ಮೊದಲ ಮಹಾಯುದ್ಧದ ಬ್ರಿಟಿಷ್ ಪೊಟ್ಟಣದಲ್ಲಿ ಗಾಜಿನ ಸಣ್ಣ ಆಂಪ್ಯೂಲಿನಲ್ಲಿ ಅಯೋಡಿನ್ ಇರುತ್ತಿತ್ತು. 1918ರ ಸೆಪ್ಟೆಂಬರ್ 23ರಂದು ಹೈಫಾದಲ್ಲಿ ಕಾದಿದ ಮೈಸೂರು ಲ್ಯಾನ್ಸರ್ಸ್ ದಳದ ಮೇಲೆ ನಾಳೆ ಯಾರಾದರೂ ಕನ್ನಡದಲ್ಲಿ ಸಿನಿಮಾ ಮಾಡಿದರೆ ಆ ಕಾಲದ ಪೊಟ್ಟಣವೇ ಬೇಕು. ಗಾಯದ ಮೇಲೆ ಬಿಳಿ ಪುಡಿ ಉದುರಿಸುವ ದೃಶ್ಯ ಅಲ್ಲಿ ಬಂದರೆ ತಪ್ಪು. ಆ ಪುಡಿ ಸಲ್ಫಾ. 1935ರಲ್ಲಿ ಪ್ರಾಂಟೊಸಿಲ್ ಬಂದ ಮೇಲೆ ಸಲ್ಫಾ ಔಷಧಗಳ ಯುಗ ಶುರುವಾಯಿತು. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಸೈನಿಕನಿಗೆ ಪಟ್ಟಿಯ ಜತೆ 5 ಗ್ರಾಂ ಸಲ್ಫಾನಿಲಮೈಡ್ ಪುಡಿಯ ಲಕೋಟೆ ಸಿಕ್ಕಿತು. ಯುದ್ಧ ಮುಗಿಯುವ ಹೊತ್ತಿಗೆ ಪುಡಿ ಉದುರಿಸುವುದರಿಂದ ಹೆಚ್ಚಿನ ಪ್ರಯೋಜನವಿಲ್ಲವೆಂದು ವೈದ್ಯರಿಗೆ ಮನದಟ್ಟಾಗಿ ಅದು ಹಿಂದೆ ಸರಿಯಿತು. ಪೆನಿಸಿಲಿನ್ ಬಂದದ್ದು ಯುದ್ಧದ ಉತ್ತರಾರ್ಧದಲ್ಲಿ. ಅದು ಇಂಜೆಕ್ಷನ್ನಾಗಿ ಡಾಕ್ಟರುಗಳ ಕೈಯಲ್ಲಿತ್ತು, ಸಿಪಾಯಿಯ ಜೇಬಿನಲ್ಲಿ ಇರಲಿಲ್ಲ.

ಸುಟ್ಟ ಗಾಯದ ಔಷಧ ಇನ್ನೂ ಖಚಿತವಾಗಿ ಕಾಲ ಹೇಳುತ್ತದೆ. ಹಳೆಯ ಕಿಟ್ಟುಗಳಲ್ಲಿ ಹಳದಿ ಬಣ್ಣದ ಪಿಕ್ರಿಕ್ ಆಮ್ಲದ ಗಾಜ್. 1930ರ ದಶಕದಿಂದ ಟ್ಯಾನಿಕ್ ಆಮ್ಲದ ಮುಲಾಮು ಮುಂದೆ ಬಂತು; ಬರೋಸ್ ವೆಲ್‌ಕಮ್ ಕಂಪನಿಯ ಟ್ಯಾನಫ್ಯಾಕ್ಸ್ ಟ್ಯೂಬು ಆ ಕಾಲದ ಡಬ್ಬಿಗಳಲ್ಲಿ ಕಾಣುತ್ತದೆ. 1940ರ ಬ್ರಿಟನ್ ವಾಯುಸಮರದಲ್ಲಿ ಸುಟ್ಟುಹೋದ ಪೈಲಟ್‌ಗಳಿಗೆ ಚಿಕಿತ್ಸೆ ಮಾಡಿದ ಪ್ಲಾಸ್ಟಿಕ್ ಸರ್ಜನ್ ಆರ್ಚಿಬಾಲ್ಡ್ ಮೆಕಿಂಡೋ ಟ್ಯಾನಿಕ್ ಆಮ್ಲದ ವಿರುದ್ಧ ಗಟ್ಟಿಯಾಗಿ ನಿಂತರು. ಕೈ, ಮುಖಗಳ ಚರ್ಮ ಗಡುಸಾಗಿ ಸೆಟೆದುಕೊಳ್ಳುತ್ತಿತ್ತು. ಹಾಗಾಗಿ 1944ರದ್ದೆಂದು ಹೇಳುವ ಕಿಟ್ಟಿನಲ್ಲಿ ಟ್ಯಾನಿಕ್ ಮುಲಾಮು ರಾಜನಂತೆ ಕೂತಿದ್ದರೆ ಅದನ್ನು ಜೋಡಿಸಿದವರು ಕ್ಯಾಟಲಾಗು ಓದಿದ್ದಾರೆ, ವೈದ್ಯಕೀಯದ ಇತಿಹಾಸ ಓದಿಲ್ಲ ಎಂದೇ ಅನುಮಾನಿಸಬೇಕು.

ಇಲ್ಲೊಂದು ಅಪಾಯದ ಮಾತು ಹೇಳಲೇಬೇಕು. ಪಿಕ್ರಿಕ್ ಆಮ್ಲ ಒಣಗಿದರೆ ಸ್ಫೋಟಕ. ನಿಜವಾದ ಹಳೆಯ ಡಬ್ಬಿ ಕೈಗೆ ಸಿಕ್ಕು ಅದರೊಳಗೆ ಹಳದಿ ಗಾಜ್ ಅಥವಾ ಹಳದಿ ಹರಳು ಕಂಡರೆ ಅಲುಗಿಸಬೇಡಿ, ಮುಚ್ಚಳ ತಿರುಗಿಸಬೇಡಿ, ದೂರ ನಿಂತು ಪೊಲೀಸರಿಗೆ ತಿಳಿಸಿ. ಪ್ರತಿಕೃತಿ ಮಾಡುವವರು ನಿರಪಾಯದ ಹಳದಿ ಬಣ್ಣ ಬಳಸಬೇಕು, ಹಾಗೆಂದು ಒಳಗೊಂದು ಚೀಟಿಯನ್ನೂ ಇಡಬೇಕು.

ಮಾರ್ಫಿನ್ನಿನ ಸಿರೆಟ್ ಎಂಬುದು ಇನ್ನೊಂದು ಆಕರ್ಷಣೆ. ಅಮೆರಿಕದ ಸ್ಕ್ವಿಬ್ ಕಂಪನಿ ಮಾಡಿದ, ಟೂತ್‌ಪೇಸ್ಟಿನ ಟ್ಯೂಬಿನಂಥ ಪುಟ್ಟ ಕೊಳವೆಗೆ ಸೂಜಿ ಸೇರಿಸಿದ ಸಾಧನ. ಚುಚ್ಚಿ ಮುಗಿದ ಮೇಲೆ ಖಾಲಿ ಟ್ಯೂಬನ್ನು ಗಾಯಾಳುವಿನ ಕಾಲರಿಗೆ ಸಿಕ್ಕಿಸುತ್ತಿದ್ದರು. ಮುಂದಿನ ಡಾಕ್ಟರಿಗೆ ಎಷ್ಟು ಡೋಸ್ ಹೋಗಿದೆಯೆಂದು ತಿಳಿಯಲಿ, ಎರಡನೇ ಸಲ ಹೆಚ್ಚಾಗಿ ಕೊಟ್ಟು ಜೀವಕ್ಕೆ ಎರವಾಗದಿರಲಿ ಎಂದು. ಕಾಲರಿಗೆ ಸಿಕ್ಕಿಸಿದ ಆ ಟ್ಯೂಬನ್ನು ತೋರಿಸುವ ಸಿನಿಮಾ ಕಂಡರೆ ಅದರ ಕಲಾ ನಿರ್ದೇಶಕರಿಗೆ ಮನಸ್ಸಿನಲ್ಲೇ ನಮಸ್ಕಾರ ಹೇಳುತ್ತೇನೆ. ನಮ್ಮಲ್ಲಿ 1985ರ ಮಾದಕವಸ್ತು ಕಾಯ್ದೆ ಇರುವುದರಿಂದ ಅಸಲು ತುಂಬಿದ ಟ್ಯೂಬನ್ನು ಸಂಗ್ರಹಿಸುವ ಆಸೆಯನ್ನೇ ಬಿಡಿ. ಖಾಲಿ ಪ್ರತಿಕೃತಿಯಲ್ಲೂ ಸೂಜಿ ಮೊಂಡಾಗಿರಬೇಕು.

ಜೇಬಿನಿಂದ ಹೇಸರಗತ್ತೆಯವರೆಗೆ

ಪೊಟ್ಟಣ ಬಲ್ಲವರಾದ ಮೇಲೆ ದೊಡ್ಡವಕ್ಕೆ ಹೋಗಬಹುದು. ಶೆಲ್ ಡ್ರೆಸಿಂಗ್ ಎಂಬುದು ಬಾಂಬಿನ ಚೂರಿನಿಂದಾದ ಅಗಲ ಗಾಯಕ್ಕೆ ಮಾಡಿದ ಒಂದೇ ದೊಡ್ಡ ಮೆತ್ತೆ. ಕೆಲವು ಸೈನಿಕರು ಅದನ್ನು ಹೆಲ್ಮೆಟ್ಟಿನ ಬಲೆಯ ಕೆಳಗೆ ಸಿಕ್ಕಿಸಿಕೊಳ್ಳುತ್ತಿದ್ದರು. ಅಮೆರಿಕದವರ ಕಾರ್ಲೈಲ್ ಪಟ್ಟಿ ಪೆನ್ಸಿಲ್ವೇನಿಯಾದ ಕಾರ್ಲೈಲ್ ಬ್ಯಾರಕ್ಸಿನ ವೈದ್ಯ ಶಾಲೆಯಲ್ಲಿ ರೂಪುಗೊಂಡದ್ದು. ಅದರ ಒಂದು ಬದಿಗೆ ಕೆಂಪು ಬಣ್ಣ. ಕೆಂಪು ಬದಿ ಬೆನ್ನು, ಗಾಯಕ್ಕೆ ಇನ್ನೊಂದು ಬದಿ. ಮೊದಲು ಬೆಳ್ಳಗಿದ್ದ ಬ್ಯಾಂಡೇಜು ದೂರದಿಂದ ಶತ್ರುವಿನ ಕಣ್ಣಿಗೆ ಬೀಳುತ್ತದೆಂದು ಆಮೇಲೆ ಹಸಿರುಗಂದು ಬಣ್ಣಕ್ಕೆ ತಿರುಗಿತು.

ಭಾರತೀಯ ಸೈನ್ಯದ ಔಷಧ ಪೆಟ್ಟಿಗೆಗಳಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು ಯಖ್‌ದಾನ್. ಹೇಸರಗತ್ತೆಯ ಎರಡೂ ಪಕ್ಕಕ್ಕೆ ಜೋಡಿಯಾಗಿ ತೂಗುಹಾಕುತ್ತಿದ್ದ ಚರ್ಮದ ಹೊದಿಕೆಯ ಪೆಟ್ಟಿಗೆಗಳು. ಎರಡರ ತೂಕ ಸಮನಾಗಿರದಿದ್ದರೆ ಗುಡ್ಡದ ದಾರಿಯಲ್ಲಿ ಪ್ರಾಣಿ ಮುಗ್ಗರಿಸುತ್ತದೆ. ಆದ್ದರಿಂದ ಇದರ ಪ್ರತಿಕೃತಿಯನ್ನು ಒಂಟಿಯಾಗಿ ನೋಡಿ ತೀರ್ಪು ಕೊಡಬೇಡಿ, ಜೋಡಿಯನ್ನು ತೂಗಿ ನೋಡಿ.

ಹೇಸರಗತ್ತೆಯ ಮಾತು ಬಂದಾಗ ಸೊಲ್ಲಾಪುರದ ಡಾ. ದ್ವಾರಕಾನಾಥ ಕೋಟ್ನಿಸ್ ನೆನಪಾಗುತ್ತಾರೆ. ಕನ್ನಡ ಮಾತು ಬೀದಿಯಲ್ಲಿ ಕೇಳುವ ಆ ಗಡಿ ಊರಿನಲ್ಲಿ 1910ರಲ್ಲಿ ಹುಟ್ಟಿ, ಮುಂಬೈಯ ಜಿ.ಎಸ್. ಮೆಡಿಕಲ್ ಕಾಲೇಜಿನಲ್ಲಿ ಓದಿ, 1938ರಲ್ಲಿ ಐವರು ಭಾರತೀಯ ವೈದ್ಯರ ತಂಡದಲ್ಲಿ ಜಪಾನಿನ ದಾಳಿಗೆ ಸಿಕ್ಕ ಚೀನಾಕ್ಕೆ ಹೋದವರು. 1942ರ ಡಿಸೆಂಬರ್ 9ರಂದು ಅಲ್ಲೇ ತೀರಿಕೊಂಡರು. ಅದೇ ರಣರಂಗದಲ್ಲಿ ಅವರಿಗಿಂತ ಮೊದಲು ದುಡಿದ ಕೆನಡಾದ ನಾರ್ಮನ್ ಬೆಥ್ಯೂನ್, ಶಸ್ತ್ರಚಿಕಿತ್ಸೆಯ ಸಾಮಾನನ್ನೆಲ್ಲ ಪ್ರಾಣಿಯ ಬೆನ್ನಿಗೇರಿಸುವ ಒಂದು ಕಟ್ಟು ರೂಪಿಸಿದ್ದರು. ಬೆಥ್ಯೂನ್ ತೀರಿಕೊಂಡದ್ದು 1939ರಲ್ಲಿ, ಶಸ್ತ್ರಚಿಕಿತ್ಸೆ ಮಾಡುವಾಗ ಬೆರಳಿಗಾದ ಗಾಯ ನಂಜಾಗಿ. ಕೋಟ್ನಿಸರ ಬದುಕನ್ನು ವಿ. ಶಾಂತಾರಾಮ್ 1946ರಲ್ಲೇ ಮುಂಬೈಯಲ್ಲಿ ಸಿನಿಮಾ ಮಾಡಿದರು. ಯುದ್ಧ ಮುಗಿದ ಮರುವರ್ಷ ತೆರೆಕಂಡ ಆ ಚಿತ್ರವನ್ನು ಹೊಸ ರಸಿಕರು ಒಮ್ಮೆ ನೋಡಲಿ. ಯುದ್ಧಭೂಮಿಯ ವೈದ್ಯನನ್ನು ಆ ಕಾಲದವರೇ ಹೇಗೆ ಕಲ್ಪಿಸಿಕೊಂಡಿದ್ದರೆಂದು ಗೊತ್ತಾಗುತ್ತದೆ.

ಕೆಂಪು ಕ್ರಾಸಿನ ಕಟ್ಟುಪಾಡು

ಪ್ರಥಮ ಚಿಕಿತ್ಸೆ ಎಂದ ಕೂಡಲೇ ಬಿಳಿಯ ಮೇಲೆ ಕೆಂಪು ಕ್ರಾಸ್ ಒತ್ತುವುದು ಹೊಸ ತಯಾರಕರ ಚಟ. ಸಿಪಾಯಿಯ ಜೇಬಿನ ಬ್ರಿಟಿಷ್ ಪೊಟ್ಟಣದ ಮೇಲೆ ಕ್ರಾಸ್ ಇರಲಿಲ್ಲ, ಅಕ್ಷರಗಳಷ್ಟೇ. ಆ ಲಾಂಛನ ವೈದ್ಯಕೀಯ ಸಿಬ್ಬಂದಿಯ ರಕ್ಷಣೆಯ ಗುರುತು, 1864ರ ಜಿನೀವಾ ಒಪ್ಪಂದದಿಂದ ಬಂದದ್ದು. ಬಂದೂಕು ಹಿಡಿದು ಕಾದುವವನ ಸಾಮಾನಿಗೆ ಅದು ಸಲ್ಲದು. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷ್ ಪಡೆಗಳ ಸ್ಟ್ರೆಚರ್ ಹೊರುವ ಸಿಪಾಯಿಗಳು ತೋಳಿಗೆ ಕ್ರಾಸ್ ಬದಲು ‘ಎಸ್ ಬಿ’ ಎಂಬ ಕೆಂಪು ಅಕ್ಷರಗಳ ಪಟ್ಟಿ ಕಟ್ಟುತ್ತಿದ್ದರು, ಏಕೆಂದರೆ ಅವರು ಪೂರ್ಣಕಾಲದ ವೈದ್ಯಕೀಯ ಸಿಬ್ಬಂದಿ ಆಗಿರಲಿಲ್ಲ. ನಾಟಕ, ಸಿನಿಮಾಗಳಲ್ಲಿ ಸ್ಟ್ರೆಚರ್ ಹಿಡಿದವರಿಗೆಲ್ಲ ಕ್ರಾಸ್ ಕಟ್ಟಿ ನಿಲ್ಲಿಸುವುದನ್ನು ಕಂಡಾಗ ಇದನ್ನು ನೆನೆಯಿರಿ. ಇನ್ನು ನಮ್ಮ ದೇಶದಲ್ಲಿ 1960ರ ಜಿನೀವಾ ಒಪ್ಪಂದಗಳ ಕಾಯ್ದೆಯ ಪ್ರಕಾರ ಕೇಂದ್ರ ಸರ್ಕಾರದ ಅನುಮತಿಯಿಲ್ಲದೆ ಯಾರೂ ಆ ಲಾಂಛನ ಬಳಸುವಂತಿಲ್ಲ. ಡಾಕ್ಟರ ಕಾರು, ಮೆಡಿಕಲ್ ಶಾಪಿನ ಬೋರ್ಡುಗಳಲ್ಲಿ ಅದು ಎಲ್ಲೆಡೆ ಕಂಡರೂ ಕಾನೂನು ಕಾನೂನೇ. ಅನುಮತಿ ಇಲ್ಲದ ತಯಾರಕರು ಕ್ರಾಸ್ ಇರಲೇಬೇಕಾದ ಚೀಲಗಳ ತಂಟೆಗೆ ಹೋಗದೆ, ಕ್ರಾಸ್ ಇಲ್ಲದ ಪೊಟ್ಟಣಗಳನ್ನು ಮಾಡಲಿ. ಕೆಲಸಕ್ಕೇನೂ ಕಡಿಮೆಯಿಲ್ಲ.

ತಯಾರಕರ ಗುರುತು

ಉಲ್ಹಾಸನಗರಕ್ಕೆ ನಕಲು ಮಾಲಿನ ಊರೆಂಬ ಹೆಸರು ಅಂಟಿಕೊಂಡು ಬಹಳ ಕಾಲವಾಯಿತು. ಇಲ್ಲಿನ ಕೈಗಳ ಕೌಶಲವನ್ನು ಬಲ್ಲ ನನಗೆ ಆ ಮಾತು ಪೂರ್ತಿ ಸಲ್ಲುವುದಿಲ್ಲವೆನಿಸುತ್ತದೆ. ಮಾಡುವ ಕೈ ಒಂದೇ, ಉದ್ದೇಶ ಬೇರೆ ಬೇರೆ. ಅಸಲೆಂದು ನಂಬಿಸಿ ಮಾರಲು ಮಾಡಿದ್ದು ಖೋಟಾ. ಪ್ರತಿಕೃತಿಯೆಂದು ಹೇಳಿ ಅಸಲಿನಷ್ಟೇ ಶ್ರದ್ಧೆಯಿಂದ ಮಾಡಿದ್ದು ಕಲೆ. ವ್ಯತ್ಯಾಸ ತಿಳಿಯಲು ಒಂದೇ ಕಡೆ ನೋಡಿ. ಪ್ರಾಮಾಣಿಕ ಕುಶಲಿ ತನ್ನ ಗುರುತನ್ನೂ ತಯಾರಿಸಿದ ಇಸವಿಯನ್ನೂ ಅಳಿಸಲಾಗದಂತೆ ಎಲ್ಲಾದರೂ ಹಾಕಿರುತ್ತಾರೆ. ಹೊರಗೆ ಬೇಡ, ನೋಟ ಕೆಡುತ್ತದೆ. ಮೆತ್ತೆಯ ಬೆನ್ನಿಗೆ, ಹೊದಿಕೆಯ ಒಳಮಡಿಕೆಗೆ, ಪೆಟ್ಟಿಗೆಯ ತಳಕ್ಕೆ. ಆ ಗುರುತಿಲ್ಲದ, ಮೇಲೆ 1943 ಎಂದು ಅಚ್ಚಾಗಿರುವ ಪೊಟ್ಟಣ ಇಂದು ಸಂತೋಷಕ್ಕೆ ಮಾಡಿದ್ದೇ ಇರಬಹುದು. ಹತ್ತಾರು ವರ್ಷದ ನಂತರ ಅದು ಮುಂಬೈಯ ಚೋರ್ ಬಜಾರಿನ ಮಟನ್ ಸ್ಟ್ರೀಟಿನಲ್ಲಿ ಅಸಲೆಂದು ಮಾರಾಟಕ್ಕೆ ಕೂತರೆ ಇತಿಹಾಸಕ್ಕೆ ಸುಳ್ಳು ಸೇರಿತು. ಕೊಳ್ಳುವಾಗ ‘ನಿಮ್ಮ ಗುರುತು ಎಲ್ಲಿದೆ?’ ಎಂದು ಕೇಳುವುದು ಅವಮಾನವಲ್ಲ. ಒಳ್ಳೆಯ ಕುಶಲಿ ಹೆಮ್ಮೆಯಿಂದ ತೋರಿಸುತ್ತಾರೆ.

ಪ್ರತಿಕೃತಿಯನ್ನು ಎಂದೂ ನಿಜವಾದ ಗಾಯಕ್ಕೆ ಕಟ್ಟಬೇಡಿ. ಅದು ಶುದ್ಧೀಕರಿಸಿದ ಸರಕಲ್ಲ. ಪ್ರದರ್ಶನಕ್ಕೆ ಇಡುವವರು ಪಕ್ಕದಲ್ಲೇ ಇಂದಿನ ಕಿಟ್ಟೊಂದನ್ನು ಇಟ್ಟುಕೊಳ್ಳುವುದು ಒಳ್ಳೆಯದು.

ಕೊನೆಯದಾಗಿ, ಸೈನ್ಯದಲ್ಲಿದ್ದವರ ಮನೆಗಳಿಗೆ ಒಂದು ವಿನಂತಿ. ಕೊಡಗು, ಬೆಳಗಾವಿ, ಮೈಸೂರು ಕಡೆಯ ಎಷ್ಟೋ ಮನೆಗಳಿಂದ ಅಜ್ಜ, ಮುತ್ತಜ್ಜಂದಿರು ಮಹಾಯುದ್ಧಗಳಿಗೆ ಹೋಗಿದ್ದಾರೆ. ಅವರ ಟ್ರಂಕಿನ ತಳದಲ್ಲಿ ಖಾಕಿ ಬಟ್ಟೆಯ, ಅಕ್ಷರ ಅಚ್ಚಾದ ಸಣ್ಣ ಪೊಟ್ಟಣ ಸಿಕ್ಕರೆ ಬಿಚ್ಚಬೇಡಿ, ಒಗೆಯಬೇಡಿ, ಇಸ್ತ್ರಿ ಹಾಕಬೇಡಿ. ಎರಡೂ ಬದಿಯ ಫೋಟೊ ತೆಗೆಯಿರಿ, ಪಕ್ಕದಲ್ಲಿ ಅಳತೆ ಪಟ್ಟಿ ಇಡಿ, ಯಾರದು, ಯಾವ ದಳ, ಎಲ್ಲಿಗೆ ಹೋಗಿದ್ದರು ಎಂದು ಮನೆಯ ಹಿರಿಯರನ್ನು ಕೇಳಿ ಒಂದು ಹಾಳೆಯಲ್ಲಿ ಬರೆದು ಜತೆಗಿಡಿ. ಮಡಿಕೇರಿಯ ಜನರಲ್ ತಿಮ್ಮಯ್ಯ ಮ್ಯೂಸಿಯಂ, ಬೆಂಗಳೂರಿನ ಮದ್ರಾಸ್ ಸ್ಯಾಪರ್ಸ್ ಮ್ಯೂಸಿಯಂನಂಥ ಕಡೆ ಸೈನಿಕರ ವಸ್ತುಗಳಿಗೆ ಜಾಗವಿದೆ. ಕೊಡುವ ಮನಸ್ಸಿದ್ದರೆ ಮೊದಲು ಅಲ್ಲಿ ವಿಚಾರಿಸಿ. ಭಾರತದಲ್ಲಿ ತಯಾರಾದ ಪೊಟ್ಟಣದ ಒಂದು ಸ್ಪಷ್ಟ ಫೋಟೊ, ಸರಿಯಾದ ಅಳತೆಗಳ ಜತೆ ಸಿಕ್ಕರೆ, ಈ ಕಲೆಯವರಿಗೆ ಅಷ್ಟೇ ಸಾಕು.